ಮದುವೆಯಲ್ಲಿ ಅಮ್ಮ-ಮಗನ ಡ್ಯಾನ್ಸ್‌ಗೆ ಹಾಡು ಆರಿಸುವುದು ಹೇಗೆ?

ಮೊದಲು ಅಮ್ಮನನ್ನೇ ಕೇಳಿ. ನೀವು ಚಿಕ್ಕವರಿದ್ದಾಗ ಅವರು ಕೆಲಸ ಮಾಡುತ್ತಾ ಗುನುಗುತ್ತಿದ್ದ ಹಾಡು, ನಿಮ್ಮನ್ನು ಮಲಗಿಸಲು ಹಾಡಿದ್ದು, ಕಾರಿನಲ್ಲಿ ಇಬ್ಬರೂ ಗಂಟಲು ಹರಿಯುವಂತೆ ಕೂಗಿದ್ದು, ಇಷ್ಟರಲ್ಲೇ ಅರ್ಧ ಪಟ್ಟಿ ಸಿಗುತ್ತದೆ. ಇಂಟರ್ನೆಟ್‌ನ 'ಟಾಪ್ 50' ಆಮೇಲೆ ನೋಡಿದರಾಯಿತು.

ಸುಮ್ನೆ ಪಲ್ಲವಿ ಕೇಳಿ ಒಪ್ಪಬೇಡಿ, ಸಾಹಿತ್ಯವನ್ನು ಕೊನೆಯ ಸಾಲಿನವರೆಗೂ ಓದಿ. ಪಲ್ಲವಿಯಲ್ಲಿ ಮಮತೆ ತುಂಬಿರುತ್ತದೆ, ಎರಡನೇ ಚರಣಕ್ಕೆ ಬಂದರೆ ಅದು ಪ್ರೇಮಿಗಳ ಹಾಡು, ಇಲ್ಲವೇ ತೀರಿಕೊಂಡ ತಾಯಿಯ ನೆನಪು! ಎಲ್ಲರೆದುರು ಮುಜುಗರ ಅಲ್ವಾ?

ಇನ್ನು ವೇಗ. ನಿಮಿಷಕ್ಕೆ 70ರಿಂದ 100 ಬೀಟ್ ಇದ್ದರೆ ಡ್ಯಾನ್ಸ್ ಬಾರದವರೂ ಆರಾಮಾಗಿ ಹೆಜ್ಜೆ ಹಾಕಬಹುದು. ವಾಲ್ಟ್ಜ್ ಅನ್ನೋ ಪಾಶ್ಚಾತ್ಯ ಜೋಡಿ ನೃತ್ಯ ಮಾತ್ರ ಮೂರು ಎಣಿಕೆಯದ್ದು, ಸ್ವಲ್ಪ ಕಲಿಯಲೇಬೇಕು. ಹಾಡು ನಾಲ್ಕು ನಿಮಿಷ ಇದ್ದರೆ ಎರಡೂವರೆಗೆ ಕತ್ತರಿಸಿ, ಕೊನೆಯಲ್ಲಿ ದನಿ ನಿಧಾನವಾಗಿ ಇಳಿಯುವಂತೆ ಡಿಜೆ ಕೈಲಿ ಮಾಡಿಸಿ. ಮೂರನೇ ನಿಮಿಷಕ್ಕೆ ನೋಡುವವರು ಫೋನ್ ತೆಗೆಯುತ್ತಾರೆ, ನಂಬಿ. ಅಮ್ಮನಿಗೆ ಮಂಡಿನೋವಿದ್ದರೆ ಇನ್ನೂ ಚಿಕ್ಕದು ಮಾಡಿ.

ಅವತ್ತು ಹಾಕುವ ಚಪ್ಪಲಿಯಲ್ಲೇ ಎರಡು ಮೂರು ಸಲ ಕುಣಿದು ನೋಡಿ. ಡಿಜೆಗೆ ಹಾಡಿನ ಹೆಸರು ಹೇಳಿ ಸುಮ್ಮನಾಗಬೇಡಿ, ಫೈಲನ್ನೇ ಕಳಿಸಿ. ಒಂದೇ ಹಾಡಿಗೆ ಹತ್ತು ರೀಮಿಕ್ಸ್ ಇರುತ್ತವೆ.