ಏರಿಯಾ ಡೈರೆಕ್ಟರ್ ಆದಿರಾ? ಮೊದಲು ಹಿಂದಿನ ಸಾಲಿನಲ್ಲಿ ಕೂರಿ

ಭಾಷಣ ಕಲಿಯುವವರ ಟೋಸ್ಟ್‌ಮಾಸ್ಟರ್ಸ್ ಜಾಲದಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಕ್ಲಬ್ ಸೇರಿದರೆ ಒಂದು ಏರಿಯಾ. ಅವುಗಳ ಯೋಗಕ್ಷೇಮ ನೋಡಿಕೊಳ್ಳುವವರು ಏರಿಯಾ ಡೈರೆಕ್ಟರ್. ಸಂಬಳವಿಲ್ಲದ ಕೆಲಸ, ಜುಲೈ 1ರಿಂದ ಜೂನ್ 30ರವರೆಗೆ, ಒಂದು ವರ್ಷದ ಅವಧಿ. ಮಡಿಕೇರಿಯಲ್ಲಿದ್ದುಕೊಂಡೇ ನಾನೂ ಈ ಹೊಣೆ ಹೊತ್ತಿದ್ದೆ. ಕೊಡಗಿನಿಂದ ಮುಂದೆ ಬರುವವರಿಗೆ ದಾರಿ ಸುಲಭವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕ್ಯಾಲೆಂಡರ್ ಹಿಡಿದು ಕೂರಿ. ಪ್ರತಿ ಕ್ಲಬ್ಬಿಗೂ ವರ್ಷಕ್ಕೆ ಎರಡು ಬಾರಿ ಹೋಗಲೇಬೇಕು. ಮೊದಲ ಸುತ್ತಿನ ವರದಿಗೆ ನವೆಂಬರ್ 30, ಎರಡನೆಯದಕ್ಕೆ ಮೇ 31 ಗಡುವು. ಆದರೆ ನಮ್ಮ ಊರಿನ ಕ್ಯಾಲೆಂಡರ್ ಬೇರೆ. ಜುಲೈ, ಆಗಸ್ಟ್‌ನಲ್ಲಿ ಮಳೆಗೆ ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟ್ ಇರುವುದಿಲ್ಲ. ಆಮೇಲೆ ಕೈಲ್‌ಪೊಳ್ದ್, ದಸರಾ, ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ. ಹುತ್ತರಿ ಕಳೆಯುತ್ತಲೇ ಕಾಫಿ ಕೊಯ್ಲು. ಹಾಗಾಗಿ ಮೊದಲ ಭೇಟಿಗಳನ್ನು ಸೆಪ್ಟೆಂಬರ್ ಕೊನೆಯೊಳಗೆ ಮುಗಿಸಿಕೊಳ್ಳಿ. ಎರಡನೆಯ ಸುತ್ತು ರೊಬಸ್ಟಾ ಕೊಯ್ಲು ಮುಗಿದ ಮೇಲೆ, ಮಾರ್ಚ್–ಏಪ್ರಿಲ್‌ನಲ್ಲಿ ಇರಲಿ.

ಇನ್ನು ಭೇಟಿ. ಈ ಕೆಲಸದ ಜೀವವೇ ಅದು. ಮೊದಲೇ ಕ್ಲಬ್ಬಿನ ಅಧ್ಯಕ್ಷರಿಗೆ ಫೋನ್ ಮಾಡಿ, "ಪರೀಕ್ಷೆ ಮಾಡಲು ಬರುತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿ. ಹೋದಾಗ ವೇದಿಕೆ ಹತ್ತಬೇಡಿ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರುಮಾಡಿದ ಈ ಪದ್ಧತಿಯಲ್ಲಿ ಪಾಠ ಹೇಳುವ ಮೇಷ್ಟರಿಲ್ಲ. ಸದಸ್ಯರೇ ಒಬ್ಬರ ಮಾತನ್ನು ಒಬ್ಬರು ಕೇಳಿ ತಿದ್ದುತ್ತಾರೆ. ನೀವು ಹಿಂದಿನ ಸಾಲಿನಲ್ಲಿ ಕೂತು ನೋಡಿ.

ಏನನ್ನು ನೋಡಬೇಕು? ಒಂದು ಸಂಜೆಯ ಮಾತು ಹೇಳುತ್ತೇನೆ. ಸಭೆಯಲ್ಲಿ ಏಳು ಜನ. ಒದ್ದೆ ಕೊಡೆ ಹಿಡಿದು ಒಬ್ಬ ಹುಡುಗ ಬಾಗಿಲಲ್ಲಿ ನಿಂತ. ಯಾರೂ ಏಳಲಿಲ್ಲ. ಕೊಡೆಯ ನೀರು ಅವನ ಶೂ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗೆ ಬರಬೇಕೋ ಹಿಂದಕ್ಕೆ ಹೋಗಬೇಕೋ ಅವನಿಗೆ ತಿಳಿಯದು. ಕೊನೆಗೆ ನಾನೇ ಎದ್ದು ಕುರ್ಚಿ ಹಾಕಿದೆ. ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸದ ಊರು ನಮ್ಮದು! ಸಭೆ ಮುಗಿದ ಮೇಲೆ ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು, "ಆ ಹುಡುಗನ ಹೆಸರೇನು?" ಎಂದಷ್ಟೇ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಮುಂದಿನ ಭೇಟಿಯ ಹೊತ್ತಿಗೆ ಬಾಗಿಲ ಬಳಿ ಒಬ್ಬರು ನಿಂತಿದ್ದರು, ಮೇಜಿನ ಮೇಲೆ ಅತಿಥಿಗಳ ಪುಸ್ತಕವಿತ್ತು.

ಭಾಷಣದ ಬಳಿಕ ಸದಸ್ಯರು ಮಾಡುವ ವಿಮರ್ಶೆಯನ್ನೂ ಕಿವಿಗೊಟ್ಟು ಕೇಳಿ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಪೇಟೆಯಲ್ಲಿ ಕನ್ನಡ ಆಡುವವರು ಇಂಗ್ಲಿಷಿನಲ್ಲಿ ಮೊದಲ ಭಾಷಣಕ್ಕೆ, ಅಂದರೆ ನಾಲ್ಕರಿಂದ ಆರು ನಿಮಿಷದ ಐಸ್‌ಬ್ರೇಕರ್‌ಗೆ, ಎದ್ದು ನಿಂತಾಗ ಕೈ ನಡುಗುತ್ತಿರುತ್ತದೆ. ವಿಮರ್ಶೆ ಮಾಡುವವರು ಸಿಕ್ಕ ಎರಡು–ಮೂರು ನಿಮಿಷವನ್ನೆಲ್ಲ ವ್ಯಾಕರಣದ ತಪ್ಪು ಎಣಿಸುವುದಕ್ಕೇ ಬಳಸಿದರೆ ಆ ಸದಸ್ಯರು ಮತ್ತೆ ಬರುವುದು ಅನುಮಾನ. ಇದನ್ನು ಕ್ಲಬ್ಬಿನ ಶಿಕ್ಷಣ ಉಪಾಧ್ಯಕ್ಷರ ಗಮನಕ್ಕೆ ತನ್ನಿ, ಆದರೆ ಎಲ್ಲರೆದುರು ಬೇಡ.

ವರದಿಯನ್ನು ಅದೇ ರಾತ್ರಿ ಬರೆಯಿರಿ. ಬರೆದ ಮೇಲೆ ಅಧ್ಯಕ್ಷರಿಗೂ ತೋರಿಸಿ.

ಅಕ್ಟೋಬರ್ 1 ಮತ್ತು ಏಪ್ರಿಲ್ 1 ಸದಸ್ಯತ್ವ ಶುಲ್ಕ ಕಟ್ಟುವ ದಿನಗಳು. ಕ್ಲಬ್ ಉಳಿಯಬೇಕಾದರೆ ಕನಿಷ್ಠ 8 ಸದಸ್ಯರು ಬೇಕು. ಮೂರು ವಾರ ಮೊದಲೇ ಖಜಾಂಚಿಗೆ ಫೋನ್ ಮಾಡಿ. ಹತ್ತು ಜನರಿರುವ ಕ್ಲಬ್ಬಿನಿಂದ ಮೂವರು ಕೆಲಸ ಹುಡುಕಿಕೊಂಡು ಬೆಂಗಳೂರು, ಮೈಸೂರು ಸೇರಿದರೆ ಕಥೆ ಮುಗಿಯಿತು. ನಮ್ಮ ಕಡೆ ಇದು ಆಗಾಗ ಆಗುವಂಥದ್ದೇ.

ಕೊನೆಗೆ ಏರಿಯಾ ಸ್ಪರ್ಧೆ. ಕ್ಲಬ್ಬುಗಳ ವಿಜೇತರು ಇಲ್ಲಿ ಸೆಣಸುತ್ತಾರೆ, ಗೆದ್ದವರು ಹಲವು ಏರಿಯಾಗಳು ಸೇರಿದ ಡಿವಿಷನ್ ಹಂತಕ್ಕೆ ಹೋಗುತ್ತಾರೆ. ಇಂಟರ್‌ನ್ಯಾಷನಲ್ ಭಾಷಣ ಸ್ಪರ್ಧೆಗೆ ಐದರಿಂದ ಏಳು ನಿಮಿಷ. ನಾಲ್ಕೂವರೆಗಿಂತ ಕಡಿಮೆಯಾದರೂ ಏಳೂವರೆ ಮೀರಿದರೂ ಸ್ಪರ್ಧೆಯಿಂದ ಹೊರಗೆ. ಮಾತಾಡುವವರಿಗೆ ಸಮಯ ತಿಳಿಯಲೆಂದು ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ದೀಪ ತೋರಿಸುವುದು ರೂಢಿ. ಕರೆಂಟ್ ಹೋಗಬಹುದು, ದೀಪಗಳನ್ನು ನಂಬಿ ಕೂರಬೇಡಿ. ಈ ಮೂರು ಬಣ್ಣದ ದಪ್ಪ ರಟ್ಟುಗಳು ಮತ್ತು ಒಂದು ಟಾರ್ಚ್ ಸದಾ ನಿಮ್ಮ ಚೀಲದಲ್ಲಿರಲಿ. ಜೂನ್ ಕೊನೆಗೆ ಆ ಚೀಲವನ್ನೂ ಭೇಟಿಯ ಟಿಪ್ಪಣಿಗಳನ್ನೂ ಮುಂದಿನವರ ಕೈಗೆ ಕೊಡಿ. ಮೊದಲು ಯಾವ ಕ್ಲಬ್ಬಿಗೆ ಹೋಗಬೇಕೆಂದು ಆ ಟಿಪ್ಪಣಿಗಳಲ್ಲಿ ಬರೆದಿಟ್ಟಿರಿ.