ಮಗಳು ಯಾವ ವಿಭಾಗದಲ್ಲಿ ಆಡಬೇಕು? ಸಾಫ್ಟ್‌ಬಾಲ್ ಕ್ಲಬ್‌ಗಳ ವಯಸ್ಸಿನ ಲೆಕ್ಕ

ಅಮೆರಿಕದ ಊರೂರುಗಳಲ್ಲಿ ಬೇಸ್‌ಬಾಲ್‌ನಂಥ ಆಟವಾದ ಸಾಫ್ಟ್‌ಬಾಲ್‌ನ ಬಾಲಕಿಯರ ಲೀಗ್‌ಗಳಿಗೆ ನೋಂದಣಿ ಶುರುವಾಯಿತೆಂದರೆ, ತಂಡ ಹಂಚುವ ಸ್ವಯಂಸೇವಕರ ಬಳಿಗೆ ಒಂದೇ ಬಗೆಯ ಕೋರಿಕೆಗಳು ಬರುತ್ತವೆ: “ನಮ್ಮ ಹುಡುಗಿ ಚೆನ್ನಾಗಿ ಆಡುತ್ತಾಳೆ, ಒಂದು ವಿಭಾಗ ಮೇಲಕ್ಕೆ ಹಾಕಿ.” ಅಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳ ಬಾಯಲ್ಲೂ ಈ ಮಾತನ್ನು ಕೇಳಿದ್ದೇನೆ. ಶಾಲೆಯಲ್ಲಿ ಡಬಲ್ ಪ್ರಮೋಷನ್ ಸಿಕ್ಕ ಹಾಗೆ ಎಂದು ಅವರು ಭಾವಿಸುತ್ತಾರೆ. ಮೈದಾನದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಯಾವ ವಿಭಾಗದಲ್ಲಿ ಮಗುವಿನ ಕೈಗೆ ಚೆಂಡು ಹೆಚ್ಚು ಸಲ ಬರುತ್ತದೆಯೋ ಅದೇ ಅವಳ ವಿಭಾಗ. ಅದನ್ನು ಕಂಡುಕೊಳ್ಳುವ ಬಗೆ ಇಲ್ಲಿದೆ.

ಮೊದಲು ಹುಟ್ಟಿದ ದಿನಾಂಕದ ದಾಖಲೆ. ಭಾರತದಲ್ಲಿ ಹುಟ್ಟಿದ ಮಕ್ಕಳ ವಿಷಯದಲ್ಲಿ ಇಲ್ಲೇ ಎಡವಟ್ಟಾಗುತ್ತದೆ. ನಮ್ಮ ಜನನ ಪ್ರಮಾಣಪತ್ರದಲ್ಲಿ 05-09-2014 ಎಂದಿದ್ದರೆ ಅದು ಸೆಪ್ಟೆಂಬರ್ 5. ತಿಂಗಳನ್ನು ಮೊದಲು ಬರೆಯುವ ಅಮೆರಿಕದವರು ಅದನ್ನು ಮೇ 9 ಎಂದು ಓದುತ್ತಾರೆ. ಈ ಒಂದು ತಪ್ಪಿನಿಂದ ಮಗು ಬೇರೆಯೇ ವಿಭಾಗಕ್ಕೆ ಹೋಗಿಬಿಡಬಹುದು. ಅರ್ಜಿಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ.

ಎರಡನೆಯದು ಕಟ್‌ಆಫ್ ದಿನಾಂಕ, ಅಂದರೆ ಯಾವ ದಿನದ ವಯಸ್ಸನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಆ ದಿನ. ವಿಭಾಗಗಳು ಎರಡೆರಡು ವರ್ಷದ ಅಂತರದಲ್ಲಿವೆ: 8ಯು, 10ಯು, 12ಯು, 14ಯು, 16ಯು, 18ಯು (‘ಯು’ ಎಂದರೆ ‘ಅಂಡರ್’). 10ಯು ವಿಭಾಗಕ್ಕೆ ಕಟ್‌ಆಫ್ ದಿನದಂದು ಹತ್ತು ತುಂಬಿದ್ದರೆ ತೊಂದರೆಯಿಲ್ಲ, ಹನ್ನೊಂದು ತುಂಬಿರಬಾರದು. ಹಾಗಾಗಿ ಸೀಸನ್ ನಡುವೆ ಹನ್ನೊಂದಕ್ಕೆ ಕಾಲಿಟ್ಟವರೂ 10ಯುನಲ್ಲೇ ಆಡುತ್ತಿರುತ್ತಾರೆ. ಬಹುಕಾಲ ಈ ಆಟದಲ್ಲಿ ಹಿಂದಿನ ವರ್ಷದ ಡಿಸೆಂಬರ್ 31ರ ವಯಸ್ಸನ್ನು ಹಿಡಿಯುತ್ತಿದ್ದರು. ಶಾಲೆಯ ತರಗತಿಗೆ ಹೊಂದಲಿ ಎಂದು ಹಲವು ಸಂಸ್ಥೆಗಳು ಈಗ ಸೆಪ್ಟೆಂಬರ್ 1ರ ಕಡೆಗೆ ಹೊರಳಿವೆ. 2014ರ ಸೆಪ್ಟೆಂಬರ್ 5ರಂದು ಹುಟ್ಟಿದ ಹುಡುಗಿ 2026ರ ವಸಂತದಲ್ಲಿ ಆಡಬೇಕೆಂದುಕೊಳ್ಳಿ. 2025ರ ಸೆಪ್ಟೆಂಬರ್ 1ಕ್ಕೆ ಅವಳಿಗೆ ಹತ್ತೇ ವರ್ಷ, ಆದ್ದರಿಂದ 10ಯು. ಡಿಸೆಂಬರ್ 31ರ ಲೆಕ್ಕದಲ್ಲಿ ಹನ್ನೊಂದು ತುಂಬಿರುತ್ತದೆ, ಆಗ 12ಯು. ಪಕ್ಕದ ಮನೆಯವರು ಹೇಳಿದ್ದನ್ನು ನಂಬಬೇಡಿ, ನಿಮ್ಮ ಲೀಗ್ ಯಾವ ಸಂಸ್ಥೆಗೆ ಸೇರಿದೆಯೋ ಅದರ ಈ ವರ್ಷದ ನಿಯಮಾವಳಿಯನ್ನು ತೆರೆದು ನೋಡಿ.

ಮೂರನೆಯದು ಮೌಲ್ಯಮಾಪನದ ದಿನ. ಬೆನ್ನಿಗೆ ಸಂಖ್ಯೆ ಅಂಟಿಸಿಕೊಂಡು ಹುಡುಗಿಯರು ಓಡುತ್ತಾರೆ, ಹಿಡಿಯುತ್ತಾರೆ, ಎಸೆಯುತ್ತಾರೆ, ಬ್ಯಾಟ್ ಬೀಸುತ್ತಾರೆ. ಕೋಚ್‌ಗಳು ಅಂಕ ಹಾಕುತ್ತಾರೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿಸಿದರೆ ಸಾಕು.

ಇನ್ನು ಎಲ್ಲರೂ ಮುಗ್ಗರಿಸುವ ಹಂತ: ಮೇಲಿನ ವಿಭಾಗದಲ್ಲಿ ಆಡಿಸಬೇಕೇ ಬೇಡವೇ?

ನಿಯಮ ಮೇಲಕ್ಕೆ ಹೋಗಲು ಬಿಡುತ್ತದೆ, ಕೆಳಕ್ಕೆ ಇಳಿಯಲು ಬಿಡುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಮೊದಲ ಬಾರಿ ಗ್ಲವ್ ತೊಟ್ಟವಳನ್ನು ಕೂಡ 10ಯುಗೆ ಸೇರಿಸುವಂತಿಲ್ಲ. ಅವಳ ಹೊಡೆತದ ಮುಂದೆ ನಿಲ್ಲುವ ಪುಟ್ಟ ಮಕ್ಕಳ ಸುರಕ್ಷತೆಗಾಗಿ ಇರುವ ನಿಯಮ ಅದು. ಅಂಥವಳಿಗೆ ಊರಿನ ರೆಕ್ ಲೀಗ್‌ನ (ಮನರಂಜನೆಗಾಗಿ ಆಡುವ ಸ್ಥಳೀಯ ಲೀಗ್) 12ಯು ತಂಡವೇ ಸರಿ, ಅಲ್ಲಿ ಹೊಸಬರು ಇದ್ದೇ ಇರುತ್ತಾರೆ.

ಮೇಲಕ್ಕೆ ಹೋಗುವವರ ಮುಂದೆ, ಅದರಲ್ಲೂ 10ಯುನಿಂದ 12ಯುಗೆ ಹಾರುವವರ ಮುಂದೆ, ಹಲವು ಬದಲಾವಣೆಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಚೆಂಡಿನ ಸುತ್ತಳತೆ 11 ಇಂಚಿನಿಂದ 12 ಇಂಚಿಗೆ ಏರುತ್ತದೆ. ಪಿಚರ್, ಅಂದರೆ ಬ್ಯಾಟ್ ಹಿಡಿದವಳತ್ತ ಚೆಂಡು ಎಸೆಯುವವಳು, ನಿಲ್ಲುವ ದೂರ 35 ಅಡಿಯಿಂದ 40 ಅಡಿಗೆ ಹೋಗುತ್ತದೆ. 14ಯುನಲ್ಲಿ ಅದು 43 ಅಡಿ. ಎಸೆತದ ವೇಗ ಹೆಚ್ಚುತ್ತದೆ, ಚೆಂಡನ್ನು ಹೊಡೆಯದಿದ್ದರೂ ಮುಂದಿನ ಬೇಸ್‌ಗೆ ಓಡಿ ಅದನ್ನು ‘ಕದಿಯುವ’ ಓಟಗಾರ್ತಿಯರು ಚುರುಕಾಗುತ್ತಾರೆ. ಬೇಸ್‌ಗಳ ನಡುವಿನ 60 ಅಡಿ ಮಾತ್ರ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಅರ್ಜಿಗೆ ಸಹಿ ಹಾಕುವ ಮುಂಚೆ ನಾಲ್ಕು ಸಂಗತಿಗಳನ್ನು ಪರೀಕ್ಷಿಸಿ. 12 ಇಂಚಿನ ಚೆಂಡನ್ನು ಅವಳ ಕೈಗೆ ಕೊಡಿ. ಬೆರಳುಗಳಲ್ಲಿ ಹಿಡಿದು ಎಸೆಯಬೇಕು. ಅಂಗೈಯಲ್ಲಿ ಅವುಚಿಕೊಂಡು ತಳ್ಳುತ್ತಿದ್ದರೆ ಕೈ ಇನ್ನೂ ಬೆಳೆಯಬೇಕು. ಹಾಗೆ ತಳ್ಳಿ ತಳ್ಳಿ ಕಲಿತ ಎಸೆತವನ್ನು ಆಮೇಲೆ ತಿದ್ದುವುದು ಬಹಳ ಕಷ್ಟ. ಬಳಿಕ ಮೂರನೇ ಬೇಸ್‌ನಲ್ಲಿ ನಿಲ್ಲಿಸಿ ಮೊದಲ ಬೇಸ್‌ಗೆ ಎಸೆಯಲು ಹೇಳಿ. ಅದು ಸುಮಾರು 85 ಅಡಿ. ಒಮ್ಮೆ ತಲುಪಿದರೆ ಸಾಲದು, ದಣಿದಾಗಲೂ ತಲುಪಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಿಜವಾದ 12ಯು ಪಿಚರ್ ಎಸೆಯುವಾಗ ಅವಳನ್ನು ಬ್ಯಾಟ್ ಹಿಡಿದು ನಿಲ್ಲಿಸಿ. ಗಂಟೆಗೆ 50 ಮೈಲಿ ವೇಗದ ಎಸೆತ 40 ಅಡಿ ದಾಟಲು ಅರ್ಧ ಸೆಕೆಂಡಿಗಿಂತ ತುಸುವೇ ಹೆಚ್ಚು ಸಮಯ ಸಾಕು. ಹೊಡೆಯುತ್ತಾಳೋ ಇಲ್ಲವೋ ಎಂದು ನೋಡಬೇಡಿ, ಅವಳ ಪಾದಗಳನ್ನು ನೋಡಿ. ಚೆಂಡು ಬರುವ ಮೊದಲೇ ಹಿಂದಿನ ಕಾಲು ಬ್ಯಾಟ್ ಹಿಡಿದವಳು ನಿಲ್ಲುವ ಬಾಕ್ಸ್‌ನಿಂದ ಆಚೆ ಜಾರುತ್ತಿದ್ದರೆ ಅದು ಭಯ. ಆ ಭಯದೊಂದಿಗೆ ಒಂದು ಇಡೀ ಸೀಸನ್ ಆಡಿದ ಹುಡುಗಿಯರು ಮರುವರ್ಷ ತಮ್ಮದೇ ವಯಸ್ಸಿನವರ ಎದುರು ನಿಂತಾಗಲೂ ಹಿಂದೆ ಸರಿಯುವುದನ್ನು ಕಂಡಿದ್ದೇನೆ. ತಂದೆತಾಯಿಗಳಿಗೆ ಇದು ಕೊನೆಯವರೆಗೂ ಅರ್ಥವಾಗುವುದಿಲ್ಲ, “ಕಳೆದ ವರ್ಷ ಎಷ್ಟು ಚೆನ್ನಾಗಿ ಹೊಡೆಯುತ್ತಿದ್ದಳು” ಎನ್ನುತ್ತಿರುತ್ತಾರೆ.

ಕೊನೆಯ ಪರೀಕ್ಷೆ ಕೋಚ್‌ಗೆ. ಯಾವ ಜಾಗದಲ್ಲಿ ಆಡಿಸುತ್ತೀರಿ, ಪಂದ್ಯಕ್ಕೆ ಎಷ್ಟು ಇನ್ನಿಂಗ್ಸ್ ಎಂದು ನೇರವಾಗಿ ಕೇಳಿ. “ರೈಟ್ ಫೀಲ್ಡ್‌ನಲ್ಲಿ, ಅವಕಾಶ ಸಿಕ್ಕಾಗ” ಎಂದು ಚೆಂಡು ಅಪರೂಪಕ್ಕೆ ಬರುವ ಜಾಗ ತೋರಿಸುವ ಉತ್ತರ ಬಂದರೆ ಅವರಿಗೆ ಬೇಕಿರುವುದು ಪಟ್ಟಿ ತುಂಬಿಸಲು ಒಂದು ಹೆಸರು. ವಿನಯದಿಂದ ಬೇಡ ಎನ್ನಿ. 12ಯು ತಂಡದ ಬೆಂಚಿನ ಮೇಲೆ ಕುಳಿತ ಹುಡುಗಿಗಿಂತ 10ಯುನಲ್ಲಿ ಪ್ರತಿ ಪಂದ್ಯವೂ ಚೆಂಡು ಹೆಚ್ಚು ಬರುವ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತವಳು ವರ್ಷದ ಕೊನೆಗೆ ಮುಂದಿರುತ್ತಾಳೆ.

ಅಪವಾದಗಳಿವೆ. ಪಿಚರ್‌ನ ಎಸೆತ ಅವಳ ವಯಸ್ಸಿನ ಯಾರ ಬ್ಯಾಟಿಗೂ ತಾಗದೆ, ಅವಳ ಹಿಂದೆ ನಿಂತ ತಂಡದವರಿಗೆ ಕೆಲಸವೇ ಇಲ್ಲದಂತಾದರೆ ಮೇಲಕ್ಕೆ ಕಳುಹಿಸುವುದು ಎಲ್ಲರಿಗೂ ಒಳ್ಳೆಯದು. ಬ್ಯಾಟ್ ಹಿಡಿದವಳ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್‌ಗಳ ವಿಷಯವೂ ಹೀಗೆಯೇ. ಬ್ಯಾಟಿಂಗ್ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಕಳುಹಿಸಲೇಬೇಡಿ.

“ಕಾಲೇಜಿನವರ ಕಣ್ಣಿಗೆ ಬೀಳಬೇಕಲ್ಲ” ಎಂದು ಅವಸರಪಡುವವರು ತಿಳಿದಿರಲಿ: ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ಡಿವಿಷನ್ 1ರ, ಅಂದರೆ ಅಲ್ಲಿನ ಅತ್ಯುನ್ನತ ಮಟ್ಟದ, ಸಾಫ್ಟ್‌ಬಾಲ್ ಕೋಚ್‌ಗಳು 11ನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ಆಟಗಾರ್ತಿಯೊಂದಿಗೆ ಸೇರ್ಪಡೆಯ ಮಾತುಕತೆ ನಡೆಸುವಂತಿಲ್ಲ. ಹತ್ತು ವರ್ಷದ ಮಗುವನ್ನು ಯಾವ ಕಾಲೇಜೂ ಕಾಯುತ್ತಿಲ್ಲ. ಇನ್ನೊಂದು ಸಂಗತಿ: ಒಂದೇ ವಿಭಾಗದೊಳಗೂ ಕಟ್‌ಆಫ್ ಲೆಕ್ಕದಲ್ಲಿ ಅತಿ ಹಿರಿಯರಿಗೂ ಅತಿ ಕಿರಿಯರಿಗೂ ನಡುವೆ ದೊಡ್ಡ ಅಂತರವಿರುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಹುಡುಗರೇ ತಂಡಗಳಲ್ಲಿ ಹೆಚ್ಚಾಗಿರುವುದನ್ನು ಜನವರಿ 1ರಿಂದ ವಯಸ್ಸು ಲೆಕ್ಕಹಾಕುವ ಕೆನಡಾದ ಐಸ್ ಹಾಕಿಯಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ತೋರಿಸಿದ್ದಾರೆ. ನಿಮ್ಮ ಮಗಳು ವಿಭಾಗದ ಅತಿ ಕಿರಿಯಳಾಗಿದ್ದರೆ ಅವಳು ಈಗಾಗಲೇ ಒಂದು ಮೆಟ್ಟಿಲು ಮೇಲೆಯೇ ಆಡುತ್ತಿದ್ದಾಳೆ.

ಖರೀದಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಉದ್ದದ ಬ್ಯಾಟ್ ಕೊಳ್ಳಬೇಡಿ. ಬ್ಯಾಟನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ನೇರವಾಗಿ ಚಾಚಿ ಇಪ್ಪತ್ತು ಸೆಕೆಂಡು ಹಿಡಿಯಲಾಗದಿದ್ದರೆ ಅದು ಅವಳಿಗೆ ಭಾರ. ಮೊಬೈಲ್‌ನಲ್ಲಿ ಎಸೆತದ ವೇಗ ಅಳೆಯುವ ಅಗ್ಗದ ಆ್ಯಪ್‌ಗಳ ಅಂಕಿ ಹಿಡಿದು ಕೋಚ್ ಜೊತೆ ವಾದಿಸಬೇಡಿ. ಇನ್‌ಫೀಲ್ಡ್‌ನಲ್ಲಿ, ಅಂದರೆ ಬೇಸ್‌ಗಳ ಬಳಿ, ಆಡುವವಳಿಗೆ ಮುಖಕವಚ ಬೇಕೇ ಬೇಕು. ಓಡುವಾಗ ಅಲುಗಾಡಿ ಕಣ್ಣಿಗೆ ಅಡ್ಡ ಬರುವ ತೆಳು ಪ್ಲಾಸ್ಟಿಕ್ಕಿನದು ಇದ್ದೂ ಪ್ರಯೋಜನವಿಲ್ಲ.

ವಿಭಾಗ ನಿರ್ಧಾರವಾದ ಮೇಲೆ ತಂಡದ ಹಂಚಿಕೆ. ರೆಕ್ ಲೀಗ್‌ಗಳಲ್ಲಿ ಕೋಚ್‌ಗಳು ಸರದಿಯಂತೆ ಆಟಗಾರ್ತಿಯರನ್ನು ಆರಿಸಿಕೊಳ್ಳುತ್ತಾರೆ. ಪಿಚರ್ ಮತ್ತು ಕ್ಯಾಚರ್‌ಗಳನ್ನು ಎಲ್ಲ ತಂಡಗಳಿಗೂ ಮೊದಲೇ ಹಂಚುವ ಲೀಗ್ ಒಳ್ಳೆಯದು. ಪಿಚರ್ ಇಲ್ಲದ ತಂಡಕ್ಕೆ 10ಯುನಲ್ಲಿ ಆಟವೇ ಇರುವುದಿಲ್ಲ, ಗುರಿ ತಪ್ಪಿದ ಎಸೆತಗಳಿಂದಾಗಿ ಎದುರಾಳಿಗಳು ಬ್ಯಾಟ್ ಬೀಸದೆ ನಡೆದುಕೊಂಡೇ ಮೊದಲ ಬೇಸ್ ಸೇರುತ್ತಿರುತ್ತಾರೆ. ಊರೂರು ತಿರುಗಿ ಟೂರ್ನಿ ಆಡುವ ಟ್ರಾವೆಲ್ ಕ್ಲಬ್‌ಗಳಲ್ಲಿ ಬೇಸಿಗೆಯ ಕೊನೆಗೆ ಆಯ್ಕೆ ನಡೆಯುತ್ತದೆ. ಒಂದೇ ವಿಭಾಗದಲ್ಲಿ ಎರಡು ತಂಡ ಕಟ್ಟುವ ಕ್ಲಬ್ ಆದರೆ ಹುಟ್ಟಿದ ವರ್ಷದ ಪ್ರಕಾರ ಬೇರ್ಪಡಿಸಿದೆಯೇ ಎಂದು ಕೇಳಿ. 12ಯುಗೆ ಆಗಷ್ಟೇ ಬಂದವರದೇ ತಂಡವಿದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. “ಇಂದು ರಾತ್ರಿಯೊಳಗೆ ಹಣ ಕಟ್ಟಿ” ಎನ್ನುವ ಕ್ಲಬ್‌ನಿಂದ ದೂರವಿರಿ.

ಇಷ್ಟಾದರೂ ಮೇಲಿನ ವಿಭಾಗದ ಆಸೆ ಬಿಡದಿದ್ದರೆ ಶರತ್ಕಾಲದ ಸೀಸನ್‌ವರೆಗೆ ಕಾಯಿರಿ. ಆಗ ಗೆಲುವು ಸೋಲುಗಳ ಒತ್ತಡ ಕಡಿಮೆ, ಮತ್ತು ಬಹಳಷ್ಟು ಲೀಗ್‌ಗಳು ಮುಂದಿನ ವಸಂತದ ವಯಸ್ಸನ್ನೇ ಹಿಡಿದು ಮಕ್ಕಳನ್ನು ಹಂಚುತ್ತವೆ. ದೊಡ್ಡ ಚೆಂಡು, 40 ಅಡಿ ದೂರದ ಎಸೆತ ಎರಡೂ ಅಲ್ಲಿ ಅಭ್ಯಾಸವಾಗುತ್ತವೆ. ಅಷ್ಟಕ್ಕೂ ಕಾಯಲಾಗದಿದ್ದರೆ, ಈಗಿನ ತಂಡದಲ್ಲೇ ಇದ್ದುಕೊಂಡು ವಾರಕ್ಕೊಂದು ದಿನ ಮೇಲಿನ ತಂಡದ ಅಭ್ಯಾಸಕ್ಕೆ ಬರಬಹುದೇ ಎಂದು ಕೋಚ್‌ರನ್ನು ಕೇಳಿ.