ಫೌಂಡೇಶನ್ ಕಾಂಕ್ರೀಟ್‌ನಲ್ಲೇ ಅರ್ತಿಂಗ್ ಮಾಡಿದ್ದು: ನನ್ನ ಅನುಭವ

ಅರ್ತ್ ಅಂದ್ರೆ ಲೀಕ್ ಆದ ಕರೆಂಟನ್ನ ಮಣ್ಣಿಗೆ ಇಳಿಸೋ ದಾರಿ. ಅದನ್ನ ಪಾಯದ ಕಾಂಕ್ರೀಟ್ ಒಳಗೇ ಹಾಕ್ತೀನಿ ಅಂದಾಗ ಸೈಟಲ್ಲಿ ಒಬ್ಬರೂ ಒಪ್ಪಲಿಲ್ಲ. ಮೇಸ್ತ್ರಿ "ಕರೆಂಟ್ ಹರಿದ್ರೆ ಪಾಯ ಸೀಳುತ್ತೆ ಸಾರ್" ಅಂದ್ರು, ಸ್ಟ್ರಕ್ಚರಲ್ ಇಂಜಿನಿಯರ್ ಕಂಬಿ ತುಕ್ಕು ಹಿಡಿಯುತ್ತೆ ಅಂದ್ರು, ನನ್ನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ ಅಂತೂ "ಕಾಂಕ್ರೀಟ್ ಇನ್ಸುಲೇಟರ್ ಕಣೋ, ಓನರ್ ದುಡ್ಡು ಹಾಳ್ ಮಾಡ್ತೀಯ" ಅಂತ ಎಲ್ರ ಮುಂದೇನೇ ಅಂದ. ಈಗ ಬಿಲ್ಡಿಂಗ್ ಎದ್ದು ಎರಡು ಬೇಸಿಗೆ ಕಳೆದಿದೆ, ಅರ್ತ್ ರೆಸಿಸ್ಟೆನ್ಸ್ ರೀಡಿಂಗ್ (ಕಮ್ಮಿ ಇದ್ದಷ್ಟೂ ಒಳ್ಳೇದು) ನಾಲ್ಕು ಓಮ್ ಆಸುಪಾಸಲ್ಲೇ ಇದೆ, ಕಡು ಬಿಸಿಲಲ್ಲಿ ಐದರ ಹತ್ರ ಹೋಗುತ್ತೆ ಅಷ್ಟೇ.

ಇದಕ್ಕೂ ಮುಂಚೆ ಅದೇ ಜಾಗದಲ್ಲಿ ದುಡ್ಡು ಸುರಿದದ್ದು ನೆನೆಸಿಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಮೂರು ಮೀಟರ್ ರಾಡ್ ಹೊಡೆದ್ರೆ ಮಳೆಗಾಲದಲ್ಲಿ ಮೂವತ್ತೈದು ಓಮ್ ಬರ್ತಿತ್ತು, ಬೇಸಿಗೇಲಿ ಅರವತ್ತು ದಾಟ್ತಿತ್ತು. ಒಂದು ರಾಡ್ ಬಂಡೆಗೆ ಬಡಿದು ಬಗ್ಗಿ ಪಕ್ಕಕ್ಕೆ ಎದ್ದು ಬಂತು. ಮೂರು ರಾಡ್ ಕೂಡಿಸಿದ್ರೂ ಹದಿನೈದಕ್ಕಿಂತ ಕೆಳಗೆ ಇಳೀಲಿಲ್ಲ. ಆಮೇಲೆ ಪೈಪ್ ಹೂತು ಸುತ್ತ ಇದ್ದಿಲು-ಉಪ್ಪು ತುಂಬಿದ ಪಿಟ್ ಮಾಡಿದ್ವಿ, ಮೊದಲ ವರ್ಷ ಚೆನ್ನಾಗಿತ್ತು, ಎರಡನೇ ಮಳೆಗೆ ಉಪ್ಪೆಲ್ಲ ತೊಳೆದು ಹೋಯ್ತು, ಪೈಪನ್ನೂ ಅದೇ ಉಪ್ಪು ತಿಂದು ಹಾಕ್ತು.

ಕಾಂಕ್ರೀಟ್ ಇನ್ಸುಲೇಟರ್ ಅನ್ನೋರಿಗೆ ಒಂದೇ ಮಾತು, ಒಣಗಿದ ಗೋಡೆ ಬೇರೆ, ಮಣ್ಣಿಗೆ ಅಂಟಿಕೊಂಡಿರೋ ಪಾಯ ಬೇರೆ. ಪಾಯ ಮಣ್ಣಿಂದ ತೇವ ಎಳ್ಕೊಳ್ತಾನೇ ಇರುತ್ತೆ, ಬೇಗ ಬಿಡಲ್ಲ. ಎರಡನೇ ಮಹಾಯುದ್ಧದ ಟೈಮಲ್ಲಿ ಹರ್ಬರ್ಟ್ ಉಫರ್ ಅನ್ನೋರು ಅರಿಜೋನಾದ ಮರಳುಗಾಡಲ್ಲಿ ಬಾಂಬ್ ಇಡೋ ಕಟ್ಟಡಗಳಿಗೆ ಮಾಡಿದ್ದು ಇದನ್ನೇ, ವರ್ಷಗಳ ನಂತರ ಅಳೆದಾಗ್ಲೂ ಎರಡರಿಂದ ಐದು ಓಮ್ ಒಳಗೇ ಇತ್ತು. ಅಮೆರಿಕದ ಎಲೆಕ್ಟ್ರಿಕಲ್ ಕೋಡಲ್ಲಿ ಕನಿಷ್ಠ 20 ಅಡಿ ಕಂಬಿ ಅಥವಾ ತಾಮ್ರ, ಸುತ್ತ 2 ಇಂಚು ಕಾಂಕ್ರೀಟ್ ಅಂತಿದೆ. ನಾನು 20 ಅಡಿಗೆ ನಿಲ್ಲಿಸ್ಲಿಲ್ಲ, ಬಿಲ್ಡಿಂಗ್ ಸುತ್ತ ಪೂರ್ತಿ ರಿಂಗ್ ಹಾಕ್ದೆ.

ಸ್ಟ್ರಕ್ಚರಲ್ ಇಂಜಿನಿಯರ್ ಮುಖ್ಯ ಕಂಬಿಗೆ ವೆಲ್ಡಿಂಗ್ ಬೇಡವೇ ಬೇಡ ಅಂದ್ರು. ಅವರ ಮಾತು ಸರಿ, ಟಿಎಂಟಿ ಕಂಬಿಗೆ (ಬಿಸಿ ಇರೋವಾಗ್ಲೇ ನೀರಲ್ಲಿ ತಣಿಸಿ ಗಟ್ಟಿ ಮಾಡಿದ ಕಂಬಿ) ಸಿಕ್ಕಸಿಕ್ಕಲ್ಲಿ ಶಾಖ ಕೊಟ್ರೆ ಅದರ ಬಲ ಹೋಗುತ್ತೆ. ಹಂಗಾಗಿ 10 ಎಂಎಂ ಮೈಲ್ಡ್ ಸ್ಟೀಲ್ ರೌಂಡ್ ರಾಡ್ ಬೇರೆ ತಂದು ಅದನ್ನಷ್ಟೇ ವೆಲ್ಡ್ ಮಾಡಿ ರಿಂಗ್ ಮಾಡ್ದೆ, ಸುಮಾರು ಎರಡೆರಡು ಮೀಟರ್‌ಗೆ ಒಂದರಂತೆ ಪಾಯದ ಕಂಬಿ ಕೇಜ್‌ಗೆ (ಕಟ್ಟಿದ ಗೂಡಿಗೆ) ಕ್ಲ್ಯಾಂಪ್ ಹಾಕ್ದೆ. ಕಾಂಕ್ರೀಟ್ ಲಾರಿ ಬರೋಕೆ ಮುಂಚೆ ಮೂಲೆಯಿಂದ ಮೂಲೆಗೆ ಕಂಟಿನ್ಯುಟಿ (ಎಲ್ಲೂ ಕಡಿದಿಲ್ಲ ಅಂತ ಮೀಟರಲ್ಲಿ) ನೋಡಿ ಫೋಟೋ ತೆಗೆದಿಟ್ಟೆ, ಕಾಂಕ್ರೀಟ್ ಬಿದ್ದ ಮೇಲೆ ಯಾರು ಏನು ಹೇಳಿದ್ರೂ ತೋರಿಸೋಕೆ ಬೇರೆ ಏನೂ ಉಳಿಯಲ್ಲ. ಕಾಂಕ್ರೀಟಿಂದ ಲೀಡ್ (ರಿಂಗಿಂದ ಮೇಲಕ್ಕೆ ತರೋ ಕನೆಕ್ಷನ್) ಹೊರಗೆ ಬರೋ ಜಾಗಾನೇ ಮೊದಲು ತುಕ್ಕು ಹಿಡಿಯೋದು, ಅಲ್ಲಿ ನಾನು ಏನು ಸುತ್ತುತೀನಿ ಅನ್ನೋದು ಮಾತ್ರ ಹೇಳಲ್ಲ, ಅದು ನನ್ನ ಹತ್ರಾನೇ ಇರ್ಲಿ.

ತೇವ ತಡೆಯೋಕೆ ಹಾಸೋ ಪ್ಲಾಸ್ಟಿಕ್ ಶೀಟ್ ವಿಷಯಕ್ಕೆ ಮೇಸ್ತ್ರಿ ಜೊತೆ ಜಗಳಾನೇ ಆಯ್ತು. ಪಾಯದ ತಳಕ್ಕೂ ಬದಿಗೂ ಶೀಟ್ ಹಾಸಿಬಿಟ್ರೆ ಇಡೀ ಕೆಲಸ ದಂಡ. ಬಾಯಲ್ಲಿ ಹೇಳಿದ್ರೆ ಕೇಳಲ್ಲ ಅಂತ ಬಕೆಟ್ ಸೈಜಿನ ಎರಡು ಬ್ಲಾಕ್ ಎರಕ ಹೊಯ್ದು ಎರಡರಲ್ಲೂ ಕಂಬಿ ಇಟ್ಟು, ಒಂದಕ್ಕೆ ಶೀಟ್ ಸುತ್ತಿ ಹೂತೆ. ಶೀಟ್ ಇಲ್ಲದ ಬ್ಲಾಕ್, ಮಣ್ಣಲ್ಲಿ ಹೂತ ಅಷ್ಟೇ ಉದ್ದದ ಬರೀ ಕಂಬಿಗಿಂತ ಚೆನ್ನಾಗಿ ತೋರಿಸ್ತು, ಶೀಟ್ ಸುತ್ತಿದ್ದರಲ್ಲಿ ಮೀಟರ್ ಸಾವಿರದ ಮೇಲೆ ಹೋಯ್ತು. ಮೇಸ್ತ್ರಿ ಅದನ್ನ ಕಣ್ಣಾರೆ ನೋಡಿದ ಮೇಲೆ ಫೂಟಿಂಗ್ ಕೆಳಗಿನ ಶೀಟನ್ನ ತಾವೇ ತೆಗೆಸಿದ್ರು, ಒಳಗಿನ ಫ್ಲೋರ್ ಕೆಳಗೆ ಮಾತ್ರ ಬಿಟ್ಟ್ವಿ. ಎಪಾಕ್ಸಿ ಬಳಿದ ಕಂಬಿ ಇದ್ರೂ ಇದೇ ಕಥೆ, ಅಲ್ಲಿ ಈ ಪದ್ಧತಿಗೆ ಕೈ ಹಾಕ್ಬೇಡಿ.

ಅಳೆಯೋವಾಗ ಹುಷಾರು. ತಂತಿ ಸುತ್ತ ಕಚ್ಚಿಸೋ ಕ್ಲ್ಯಾಂಪ್ ಮೀಟರ್ ಹಾಕಿ ಅರ್ಧ ಓಮ್ ಬಂತು ಅಂತ ಕುಣಿಯೋರನ್ನ ನೋಡಿದೀನಿ, ಅದು ಕಂಬಿಯೊಳಗಿನ ಲೂಪ್ ರೀಡಿಂಗ್, ಮಣ್ಣಿಂದಲ್ಲ. ನಾನು ಸಪ್ಲೈನ ನ್ಯೂಟ್ರಲ್ ವೈರ್ ಕೂಡಿಸೋಕೆ ಮುಂಚೆ ಮಣ್ಣಿಗೆ ಎರಡು ಸ್ಪೈಕ್ (ಟೆಸ್ಟ್ ಮೊಳೆ) ಚುಚ್ಚಿ ಅಳೆದೆ. ರಿಂಗ್ ದೊಡ್ಡದಿರೋದ್ರಿಂದ ಹೊರಗಿನ ಸ್ಪೈಕ್ ಬಿಲ್ಡಿಂಗ್ ಕರ್ಣದ ನಾಲ್ಕೈದು ಪಟ್ಟು ದೂರ ಇರ್ಬೇಕು, ನಡುವಿನದು ಅದರ 62 ಪರ್ಸೆಂಟ್ ಹತ್ರ. ಹತ್ತಿರ ಇಟ್ರೆ ಸುಳ್ಳು ನಂಬರ್ ಬರುತ್ತೆ.

ಇನ್ನೊಂದು ಬಿಲ್ಡಿಂಗಲ್ಲಿ ಪಾಯದ ಸ್ಟೀಲ್‌ಗೆ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಅರ್ತನ್ನ ಯಾರೋ ಕೂಡಿಸಿದ್ರು, ಕೆಲವೇ ವರ್ಷಕ್ಕೆ ಪೈಪ್ ಜರಡಿ ಆಗಿತ್ತು. ಕಾಂಕ್ರೀಟ್ ಒಳಗಿನ ಸ್ಟೀಲ್ ಹೆಚ್ಚುಕಮ್ಮಿ ತಾಮ್ರದ ಥರಾನೇ ವರ್ತಿಸುತ್ತೆ, ಮಣ್ಣಲ್ಲಿರೋ ಜಿಐ ಪೈಪಿನ ಸತುವನ್ನ ತಿಂದುಬಿಡುತ್ತೆ. ಹಂಗಾಗಿ ಮಣ್ಣಲ್ಲಿ ಏನಾದ್ರೂ ಜೋಡಿಸೋದಿದ್ರೆ ತಾಮ್ರ ಅಥವಾ ಸ್ಟೇನ್‌ಲೆಸ್ ಮಾತ್ರ.

ಖರ್ಚು ನೋಡಿದ್ರೆ ಪಿಟ್ ಮತ್ತು ರಾಡ್‌ಗೆ ಹೋದದ್ದರಲ್ಲಿ ಐದನೇ ಒಂದು ಪಾಲೂ ಇದಕ್ಕೆ ಆಗ್ಲಿಲ್ಲ. ಕಂಬಿ, ಕಾಂಕ್ರೀಟ್ ಹೇಗೂ ಓನರ್ ಖರ್ಚಲ್ಲಿ ಬರುತ್ತೆ, ನಂದು ರೌಂಡ್ ರಾಡ್, ಕ್ಲ್ಯಾಂಪ್, ಎರಡು ದಿನದ ಕೂಲಿ ಅಷ್ಟೇ. ಇನ್ಸುಲೇಟರ್ ಅಂದಿದ್ದ ಗೆಳೆಯ ಮೊನ್ನೆ ತನ್ನ ಹೊಸ ಸೈಟಿನ ಪಾಯಕ್ಕೆ ನನ್ನನ್ನೇ ಕರೆದಿದಾನೆ. ಅಲ್ಲಿ ಪೈಲ್ ಫೌಂಡೇಶನ್ (ಆಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬಗಳ ಪಾಯ) ಇದೆ, ಪೈಲ್ ಕೇಜ್‌ಗಳನ್ನೂ ಮೇಲಿನ ಬೀಮ್‌ಗೆ ಕೂಡಿಸಿದ್ರೆ ಎರಡು ಓಮ್ ಕೆಳಗೆ ಬರ್ಬೇಕು ಅಂತ ನನ್ನ ಲೆಕ್ಕ, ಅಳೆದ ಮೇಲೆ ಅದರ ನಂಬರೂ ಹಾಕ್ತೀನಿ.